ತಾನಾಗಿ ಹೋಗುವ ಕೈ

ಕಾರ್ಖಾನೆಯಲ್ಲಿ ಅವಳಿಗೆ ‘ನಾಲಿಗೆ ಅಕ್ಕ’ ಎಂದೇ ಹೆಸರು. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರ್ ತನಕ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವಳಿಗೂ ಅದರಿಂದ ಬೇಸರವಿರಲಿಲ್ಲ, ಒಳಗೊಳಗೇ ಹೆಮ್ಮೆಯೂ ಇತ್ತು. ಅದು ಆಲೂಗಡ್ಡೆ ಚಿಪ್ಸ್ ಮಾಡುವ ಕಾರ್ಖಾನೆ. ಸಿಪ್ಪೆ ಸುಲಿಯಲು ಯಂತ್ರವಿತ್ತು, ಹೆಚ್ಚಲು ಯಂತ್ರವಿತ್ತು, ಕರಿಯಲು, ಉಪ್ಪು ಖಾರ ಉದುರಿಸಲು, ಪೊಟ್ಟಣ ತುಂಬಿ ಬಾಯಿ ಅಂಟಿಸಲು ಎಲ್ಲದಕ್ಕೂ ಯಂತ್ರವಿತ್ತು. ರುಚಿ ನೋಡಲು ಮಾತ್ರ ಮನುಷ್ಯರೇ ಬೇಕಿತ್ತು, ಅದರಲ್ಲೂ ಇವಳೇ ಬೇಕಿತ್ತು.

ರುಚಿಯ ಕೋಣೆ ಎಂದರೆ ನಾಲ್ಕು ಬಿಳಿ ಗೋಡೆ, ಒಂದು ಮೇಜು, ಗೋಡೆಯಲ್ಲೊಂದು ಕಿಂಡಿ. ಆಚೆಯಿಂದ ಕಿಂಡಿಯೊಳಗೆ ತಟ್ಟೆ ತಳ್ಳುತ್ತಾರೆ. ಮೇಜಿನ ಮೇಲೆ ಬಾಯಿ ಮುಕ್ಕಳಿಸಲು ಬೆಚ್ಚನೆ ನೀರು, ಪಕ್ಕದಲ್ಲಿ ಉಗುಳಲು ಮುಚ್ಚಳದ ಡಬ್ಬಿ. ಕಚ್ಚಬೇಕು, ಅಗಿಯಬೇಕು, ಉಗುಳಬೇಕು, ಬಾಯಿ ತೊಳೆಯಬೇಕು. ಉಳಿದ ಇಬ್ಬರು ರುಚಿಗಾರರು ಈ ನಿಯಮ ಮೀರುತ್ತಿರಲಿಲ್ಲ. ಅಕ್ಕನ ಡಬ್ಬಿ ಮಾತ್ರ ಬೆಳಿಗ್ಗೆ ಇಟ್ಟಂತೆಯೇ ಸಂಜೆಯೂ ಒಣಗಿಕೊಂಡಿರುತ್ತಿತ್ತು.

“ಉಗುಳಿದ್ರೆ ಅರ್ಧ ರುಚಿ ಡಬ್ಬಿಗೆ ಹೋಯ್ತು. ಗಂಟಲು ದಾಟೋವಾಗ ಏನನ್ಸುತ್ತೆ ಅನ್ನೋದೇ ತಾನೇ ಮುಖ್ಯ?” ಎನ್ನುತ್ತಿದ್ದಳು.

ಅವಳ ಅಳತೆಗೋಲೇ ಬೇರೆ. ತಟ್ಟೆಯನ್ನು ಮುಂದಿಟ್ಟುಕೊಂಡು ಯಾರನ್ನಾದರೂ ಕರೆದು ಕೂರಿಸಿ ಹರಟೆ ಹೊಡೆಯುತ್ತಿದ್ದಳು. ಬಸ್ಸು ತಡವಾದದ್ದು, ಯಾರದೋ ಮಗಳ ಗಂಡ ಸಿಟ್ಟುಮಾಡಿಕೊಂಡದ್ದು, ನಲ್ಲಿ ಸೋರುತ್ತಿರುವುದು. ಮಾತಿನ ನಡುವೆ, ಬಾಯಿ ಇನ್ನೂ ಖಾಲಿಯಾಗುವ ಮೊದಲೇ, ಕೈ ತಾನಾಗಿ ತಟ್ಟೆಗೆ ಹೋದರೆ ಆ ಮಾಲು ಪಾಸು. ಇನ್ನೊಂದು ತಿನ್ನಬೇಕು ಎಂದು ನೆನಪಿಸಿಕೊಳ್ಳಬೇಕಾಗಿ ಬಂದರೆ ಫೇಲು. “ನೆನಪಿಟ್ಕೊಂಡು ತಿನ್ನೋಕೆ ಅದೇನು ಔಷಧೀನಾ?” ಎಂದು ತಟ್ಟೆಯನ್ನು ಕಿಂಡಿಯಿಂದ ವಾಪಸ್ ತಳ್ಳುತ್ತಿದ್ದಳು. ಅವಳು ಪಾಸು ಮಾಡಿದ ಮಾಲು ಅಂಗಡಿಯಲ್ಲಿ ಕೂತ ಉದಾಹರಣೆಯೇ ಇರಲಿಲ್ಲ. ಆದರೆ ಹದಿನೆಂಟು ವರ್ಷದ ಕೆಲಸ ಅವಳ ಮೈಮೇಲೆ ಕೂತಿತ್ತು. ರುಚಿಯ ಕೋಣೆಯ ಕುರ್ಚಿಯನ್ನು ಎರಡು ಸಲ ಬದಲಾಯಿಸಿದ್ದರು.

ಇಷ್ಟೇ ಆಗಿದ್ದರೆ ಹೇಳುವಂಥದ್ದೇನೂ ಇರಲಿಲ್ಲ. ದಪ್ಪಗಿರುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಸುಖವಾಗಿಯೂ ಇದ್ದಾರೆ. ಆದರೆ ಅಕ್ಕನ ತಮ್ಮನ ಎರಡೂ ಕಿಡ್ನಿ ಕೈಕೊಟ್ಟವು.

ತಮ್ಮ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಸಣಕಲು ಮೈ, ಉದ್ದ ಕತ್ತು. ಮನೆಯಲ್ಲಿ, ಬೀದಿಯಲ್ಲಿ, ಎಲ್ಲರ ಬಾಯಲ್ಲೂ ಅವನು ‘ಸೂಜಿ’. ಅಮ್ಮ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಅಂದಿನಿಂದ ಅಕ್ಕನೇ ಅವನಿಗೆ ಅಮ್ಮ. ಮದುವೆಯಾಗೋಕೆ ಪುರುಸೊತ್ತೇ ಸಿಗಲಿಲ್ಲ ಕಣ್ರೀ ಎಂದು ನಗುತ್ತಾ ಇದ್ದವಳು ತಮ್ಮನ ಮದುವೆ ಮಾಡಿಸಿ, ಅವನ ಹೆಂಡತಿಯ ಬಾಯಲ್ಲಿ ‘ಅತ್ತಿಗೆ’ ಅನ್ನಿಸಿಕೊಂಡು, ಅದೇ ಮನೆಯಲ್ಲಿ ಉಳಿದಿದ್ದಳು. ಈಗ ಸೂಜಿ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಂಡು ಬರುತ್ತಿದ್ದ. “ಸೂಜಿಗೇ ಸೂಜಿ ಚುಚ್ತಾರೆ ನೋಡಕ್ಕ” ಎಂದು ಅದಕ್ಕೂ ನಗುತ್ತಿದ್ದ.

ಹೆಂಡತಿಯದು ಹೊಂದಲಿಲ್ಲ. ಅಕ್ಕನದು ಹೊಂದಿತು. ಬೇರೆ ಕೊಡುವವರು ಯಾರೂ ಇರಲಿಲ್ಲ. ದೊಡ್ಡ ಡಾಕ್ಟರು ಕಾಗದಗಳನ್ನೆಲ್ಲ ತಿರುವಿಹಾಕಿ, ಕನ್ನಡಕ ತೆಗೆದು, ಅಕ್ಕನನ್ನು ಮೇಲಿನಿಂದ ಕೆಳಗೆ ನೋಡಿದರು.

“ನಿಮ್ಮದು ಚೆನ್ನಾಗಿ ಹೊಂದುತ್ತೆ. ಆದ್ರೆ ಈ ತೂಕದಲ್ಲಿ ನಿಮಗೆ ಆಪರೇಷನ್ ಮಾಡೋಕೆ ನಾನು ಒಪ್ಪಲ್ಲ. ನಾಳೆ ಒಂದೇ ಕಿಡ್ನೀಲಿ ನೀವು ಬದುಕ್ಬೇಕಲ್ಲಮ್ಮ. ಹತ್ತು ಕೆಜಿ ಇಳಿಸ್ಕೊಂಡು ಬನ್ನಿ, ಅವತ್ತೇ ದಿನಾಂಕ ಕೊಡ್ತೀನಿ.”

“ಅಷ್ಟೇನಾ ಡಾಕ್ಟ್ರೇ? ಇಳಿಸ್ತೀನಿ” ಎಂದಳು ಅಕ್ಕ.

“ತಡ ಮಾಡ್ಬೇಡಿ. ಇವರ ಕೈಯಲ್ಲಿ ರಕ್ತನಾಳಗಳು ಒಂದೊಂದಾಗಿ ಮುಚ್ಕೊಳ್ತಾ ಇವೆ. ಚುಚ್ಚೋಕೆ ಜಾಗಾನೇ ಇಲ್ಲ ಅಂತಾದ್ರೆ ಆಮೇಲೆ ನನ್ನ ಕೈಲೂ ಏನಿಲ್ಲ.”

ಅಷ್ಟೇನಾ ಎಂದವಳಿಗೆ ಅದು ಎಷ್ಟು ಎಂದು ತಿಳಿಯಲು ಒಂದು ವಾರವೂ ಬೇಕಾಗಲಿಲ್ಲ. ತಮ್ಮನಿಗಾಗಿ ಪ್ರಾಣ ಕೊಡು ಎಂದಿದ್ದರೆ ಅವತ್ತೇ ಕೊಟ್ಟುಬಿಡುತ್ತಿದ್ದಳು, ಅದರಲ್ಲಿ ಅನುಮಾನವೇ ಇಲ್ಲ. ಕಿಡ್ನಿ ಕೊಡುವುದಂತೂ ಅವಳಿಗೆ ಕಿವಿಯ ಓಲೆ ಬಿಚ್ಚಿಕೊಟ್ಟಷ್ಟು ಸಲೀಸು. ಅವರು ಕೇಳಿದ್ದು ಮಾತ್ರ ಚಿಪ್ಸ್ ಬಿಡುವುದನ್ನು. ಕಟ್ಟುನಿಟ್ಟಾಗಿ ಬಿಟ್ಟಳು. ಮೂರು ದಿನ ಬರೀ ಸೊಪ್ಪು, ಬೇಯಿಸಿದ ತರಕಾರಿ ತಿಂದಳು. ನಾಲ್ಕನೆಯ ದಿನ ಬಚ್ಚಲ ಬಾಗಿಲು ಹಾಕಿಕೊಂಡು, ಸದ್ದು ಕೇಳಿಸದಿರಲೆಂದು ನಲ್ಲಿ ಬಿಟ್ಟು, ದೊಡ್ಡ ಪೊಟ್ಟಣವೊಂದನ್ನು ಪೂರ್ತಿ ಮುಗಿಸಿದಳು. ಮುಗಿಸಿ, ಮುಖ ತೊಳೆದು, ಅತ್ತಳು. ಅತ್ತರೆ ತೂಕ ಇಳಿಯುವುದಿಲ್ಲ.

ಆಸ್ಪತ್ರೆಯಲ್ಲಿ ಪಥ್ಯ ಹೇಳಿಕೊಡುವ ಮೇಡಂ ಒಬ್ಬಳಿದ್ದಳು. ವಯಸ್ಸಿನಲ್ಲಿ ಚಿಕ್ಕವಳು, ಮಾತು ಮೆತ್ತಗೆ. ಅವಳು ಬೈಯಲಿಲ್ಲ.

“ಪೂರ್ತಿ ಬಿಡೋಕೆ ಹೋಗ್ಬೇಡಿ. ಹಾಗೆ ಬಿಟ್ಟೋರು ಅಷ್ಟೇ ಜೋರಾಗಿ ವಾಪಸ್ ಬರ್ತಾರೆ. ಒಂದು ಚಿಕ್ಕ ಬಟ್ಟಲು ಇಟ್ಕೊಳ್ಳಿ. ಯಾವತ್ತೂ ಪೊಟ್ಟಣಕ್ಕೇ ಕೈ ಹಾಕ್ಬೇಡಿ. ಬಟ್ಟಲಿಗೆ ಹಾಕ್ಕೊಳ್ಳಿ, ಪೊಟ್ಟಣದ ಬಾಯಿ ಕಟ್ಟಿ ಒಳಗಿಡಿ, ಆಮೇಲೆ ಕೂತ್ಕೊಂಡು ನಿಧಾನಕ್ಕೆ ಒಂದೊಂದೇ ತಿನ್ನಿ. ಬಟ್ಟಲು ಮುಗೀತು ಅಂದ್ರೆ ಮುಗೀತು.”

“ಬಟ್ಟಲು ಮುಗೀತು ಅನ್ನೋದು ಬಟ್ಟಲಿಗೆ ಗೊತ್ತಾಗುತ್ತೆ ಮೇಡಂ, ಕೈಗೆ ಹೇಳೋರ್ಯಾರು?” ಎಂದು ಅಕ್ಕ ಕೇಳಿದಳು. ಮೇಡಂ ನಕ್ಕಳು. ಅಕ್ಕ ತಮಾಷೆ ಮಾಡಿರಲಿಲ್ಲ.

ಬಟ್ಟಲು ಬಂತು. ಅಡುಗೆಮನೆಯ ಗೂಡಿನಲ್ಲಿ ಸೂಜಿಯ ಲೋಟದ ಪಕ್ಕ ಕೂತಿತು. ಸೂಜಿಗೆ ನೀರೂ ಅಳತೆಯದ್ದೇ. ಬೆಳಿಗ್ಗೆ ಒಂದು ಬಾಟಲಿಯಲ್ಲಿ ತುಂಬಿಟ್ಟರೆ ರಾತ್ರಿಯವರೆಗೆ ಅಷ್ಟೇ. ಬೆರಳುದ್ದದ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು ಗುಬ್ಬಿ ಕುಡಿದಂತೆ ಕುಡಿಯುತ್ತಿದ್ದ. ಬಾಯಿ ತೀರಾ ಒಣಗಿದರೆ ಒಂದು ಚೂರು ಮಂಜುಗಡ್ಡೆ ಚೀಪುತ್ತಿದ್ದ. ಹೆಚ್ಚು ಕುಡಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಉಪ್ಪಂತೂ ತುಟಿಗೆ ತಾಗಿಸುವಂತಿರಲಿಲ್ಲ. ಇಷ್ಟಾದರೂ ಒಂದು ದಿನ ಅಳತೆ ಮೀರಿದವನಲ್ಲ. ಅಕ್ಕ ಅವನನ್ನು ನೋಡುತ್ತಾ ನೋಡುತ್ತಾ ಬಟ್ಟಲು ಮುಗಿಸುತ್ತಿದ್ದಳು. ನೀರು ಸಿಗದವನು ಇಷ್ಟು ತಡೆದುಕೊಂಡಿದ್ದಾನೆ, ನಾನು ತಿಂಡಿಪೋತಿ ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಾ ಎದ್ದು ಬಟ್ಟಲನ್ನು ಇನ್ನೊಂದು ಸಲ ತುಂಬಿಕೊಳ್ಳುತ್ತಿದ್ದಳು.

“ಅತ್ತಿಗೆ, ಒಂದು ಬಟ್ಟಲು ಅಂದಿದ್ರು” ಎಂದು ತಮ್ಮನ ಹೆಂಡತಿ ಅಡುಗೆಮನೆಯಿಂದಲೇ ಹೇಳುತ್ತಿದ್ದಳು. ಅವಳು ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟರಮ್ಮ. ಕಣ್ಣು ಚುರುಕು, ಬಾಯಿ ಅದಕ್ಕಿಂತ ಚುರುಕು.

“ಬಿಡೇ, ಅಕ್ಕನ ಕಿಡ್ನಿ ಬಂದ್ರೆ ನಂಗೂ ಚಿಪ್ಸ್ ಚಪಲ ಹತ್ಕೊಳ್ಳುತ್ತೆ. ಆಮೇಲೆ ಇಬ್ಬರನ್ನೂ ಕಾಯೋಕೆ ನೀನೇ ಬೇಕು” ಎಂದು ಸೂಜಿ ಮಾತು ಹಾರಿಸುತ್ತಿದ್ದ. ತೂಕದ ಬಗ್ಗೆ ಅವನು ಅಕ್ಕನಿಗೆ ಒಂದೇ ಒಂದು ಮಾತು ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಕಾರ್ಖಾನೆಯಲ್ಲಿ ಉಗುಳಿ ನೋಡಿದಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಒಳ್ಳೆಯ ಮಾಲನ್ನು ಫೇಲು ಮಾಡಿದಳು, ಕಮಟು ಎಣ್ಣೆಯ ಮಾಲನ್ನು ಪಾಸು ಮಾಡಿದಳು. ಅದು ಪೊಟ್ಟಣವಾಗಿ ಲಾರಿ ಹತ್ತುವ ಹೊತ್ತಿಗೆ ಯಾರೋ ಹಿಡಿದರು. ಮ್ಯಾನೇಜರ್ ಕೆಟ್ಟವನಲ್ಲ. “ಅಕ್ಕ, ನೀವು ಅರ್ಧ ದಿನ ಮಾತ್ರ ಕೂತ್ಕೊಳ್ಳಿ, ಉಳಿದಿದ್ದು ಅವರಿಬ್ಬರು ನೋಡ್ಕೊಳ್ಲಿ. ಆದ್ರೆ ಕೂತಷ್ಟು ಹೊತ್ತು ನಿಮ್ಮ ಪದ್ಧತೀನೇ ಇರ್ಲಿ” ಎಂದ. ಮನೆಯಲ್ಲಿ ಸಿಗದ ಬೈಗುಳ ಇಲ್ಲೂ ಸಿಗಲಿಲ್ಲ.

ಆಗ ಬಂದದ್ದು ‘ಸ್ವಲ್ಪ’.

ಮೈ ತೂಕದ ಚಿಂತೆಯವರಿಗಾಗಿ ಕಾರ್ಖಾನೆ ಮಾಡಹೊರಟಿದ್ದ ಹೊಸ ಚಿಪ್ಸ್ ಅದು. ಕರಿದದ್ದಲ್ಲ, ಒಲೆಯಲ್ಲಿಟ್ಟು ಒಣಗಿಸಿದ್ದು. ಅಂಗೈಯಗಲದ ಪೊಟ್ಟಣ, ಅದರ ಮೇಲೊಂದು ಪುಟ್ಟ ಬಟ್ಟಲಿನ ಚಿತ್ರ, ಹೆಸರು ‘ಸ್ವಲ್ಪ’. ಇಂಥ ಹೆಸರು ಇಟ್ಟವರಿಗೆ ಬಹುಮಾನವನ್ನೂ ಕೊಟ್ಟರಂತೆ. ಮೊದಲ ತಟ್ಟೆ ಕಿಂಡಿಯಿಂದ ಬಂದಾಗ ಅಕ್ಕ ಒಂದು ಬಾಯಿಗೆ ಹಾಕಿಕೊಂಡು, ಪಕ್ಕದ ರುಚಿಗಾರನ ಜೊತೆ ಹರಟೆಗೆ ಕೂತಳು. ಹರಟೆ ಮುಗಿಯಿತು. ತಟ್ಟೆ ಹಾಗೇ ಇತ್ತು. ಕೈ ಮಡಿಲಲ್ಲಿ ಮಲಗಿತ್ತು.

“ಫೇಲು” ಎಂದಳು. ಎಂದವಳು ಹಾಗೇ ಕೂತುಬಿಟ್ಟಳು. ಕೈ ಹೋಗಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

ಫೇಲಾದ ಮಾಲು ಊರಾಚೆಯ ಹಂದಿ ಸಾಕುವವನಿಗೆ ಹೋಗುತ್ತಿತ್ತು. ಕೆಲಸದವರು ಬೇಕಾದರೆ ಮನೆಗೂ ಒಯ್ಯಬಹುದಿತ್ತು, ಯಾರೂ ಒಯ್ಯುತ್ತಿರಲಿಲ್ಲ. ಅವತ್ತು ಸಂಜೆ ಅಕ್ಕ ಒಂದು ದೊಡ್ಡ ಚೀಲ ಹೊತ್ತುಕೊಂಡು ಬಂದಳು. ಬಟ್ಟಲಿಗೆ ಹಾಕಿಕೊಂಡು, ಚೀಲದ ಬಾಯಿ ಕಟ್ಟಿ, ಸೂಜಿಯ ಪಕ್ಕ ಕೂತಳು. ಒಂದು ತಿಂದಳು. ಉಪ್ಪಿತ್ತು, ಕರುಂ ಎಂದಿತು, ಬಾಯಿಗೆ ಚಿಪ್ಸ್ ತಿಂದಂತೆಯೇ ಆಯಿತು. ಆದರೆ ಇನ್ನೊಂದು ಬೇಕು ಎಂದು ನೆನಪಿಸಿಕೊಂಡೇ ತೆಗೆದುಕೊಳ್ಳಬೇಕಿತ್ತು. ಅರ್ಧ ಬಟ್ಟಲು ಉಳಿಯಿತು. ಉಳಿಯಿತು! ಅವಳ ಜೀವಮಾನದಲ್ಲಿ ಅದು ಮೊದಲು.

“ಸೂಜಿ, ನೋಡೋ ಇಲ್ಲಿ” ಎಂದು ಬಟ್ಟಲನ್ನು ಅವನ ಮೂಗಿನ ಹತ್ತಿರ ಹಿಡಿದಳು.

“ಏನಕ್ಕ, ಹುಳ ಇದೆಯಾ?”

“ಉಳಿದಿದೆ ಕಣೋ!”

ಅಲ್ಲಿಂದ ಮುಂದೆ ಮನೆಗೆ ಒಂದು ಬೆಳಕು ಬಂತು ಎನ್ನಬೇಕು. ಎರಡು ತಿಂಗಳಲ್ಲಿ ಅಕ್ಕ ಏಳು ಕೆಜಿ ಇಳಿದಳು. ಕುಪ್ಪಸಗಳು ಸಡಿಲವಾದವು, ತಮ್ಮನ ಹೆಂಡತಿ ಅವನ್ನು ಸೂಜಿಯ ಅಂಗಡಿಯ ಯಂತ್ರದಲ್ಲೇ ಹಿಡಿಸಿ ಕೊಟ್ಟಳು. ಮೆಟ್ಟಿಲು ಹತ್ತುವಾಗ ಅಕ್ಕ ನಡುವೆ ನಿಲ್ಲುವುದನ್ನು ಬಿಟ್ಟಳು. ಪಥ್ಯದ ಮೇಡಂ ಬೇರೆಯವರಿಗೆಲ್ಲ ಅವಳನ್ನು ತೋರಿಸಿ, “ಇವರನ್ನ ನೋಡಿ, ಚಿಪ್ಸ್ ಬಿಟ್ಟಿಲ್ಲ, ಮಿತವಾಗಿ ತಿನ್ತಾರೆ, ಅಷ್ಟೇ” ಎಂದಳು. ಅಕ್ಕ ನಾಚಿಕೊಂಡಳು. ತಾನು ಮಿತ ಕಲಿತಿಲ್ಲ, ಕೆಟ್ಟ ಚಿಪ್ಸ್ ತಿನ್ನುತ್ತಿದ್ದೇನೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಇನ್ನು ಮೂರು ಕೆಜಿ. ಸೂಜಿಯ ಎಡಗೈಯಲ್ಲಿ ಆಗಲೇ ಚುಚ್ಚಲು ಜಾಗವಿಲ್ಲದಂತಾಗಿ, ಬಲಗೈಗೆ ಚುಚ್ಚುತ್ತಿದ್ದರು. ಅವನು ಯಂತ್ರ ಬಿಚ್ಚುವಾಗ ಹೆಂಡತಿ ತಿರುಪು ಹಿಡಿದುಕೊಳ್ಳುತ್ತಿದ್ದಳು.

ಹೀಗಿರುವಾಗ ಮ್ಯಾನೇಜರ್ ಒಂದು ಮಧ್ಯಾಹ್ನ ರುಚಿಯ ಕೋಣೆಗೆ ಬಂದ. ಮುಖ ಸಪ್ಪಗಿತ್ತು.

“ಅಕ್ಕ, ಈ ‘ಸ್ವಲ್ಪ’ ಎಷ್ಟು ಸಲ ಮಾಡಿದ್ರೂ ನೀವು ಫೇಲು ಅಂತೀರಿ. ಅವರಿಬ್ಬರೂ ಪಾಸು ಅಂತಾರೆ. ಏನು ಕಮ್ಮಿ ಆಗಿದೆ ಅಂತ ಯಾರಿಗೂ ತಿಳೀತಿಲ್ಲ. ಉಪ್ಪು ಸರಿ ಇದೆ, ಖಾರ ಸರಿ ಇದೆ.”

ಸುಮ್ಮನಿದ್ದಿದ್ದರೆ ಆಗಿತ್ತು. ನಂಗೂ ಗೊತ್ತಾಗ್ತಿಲ್ಲ ಸರ್ ಎಂದಿದ್ದರೆ ಆಗಿತ್ತು. ಮೂರು ಕೆಜಿ, ಇನ್ನೊಂದು ತಿಂಗಳು, ಆಮೇಲೆ ಏನು ಬೇಕಾದರೂ ಬಾಯಿ ಬಿಡಬಹುದಿತ್ತು. ಆದರೆ ಹದಿನೆಂಟು ವರ್ಷ ಇದೊಂದೇ ಪ್ರಶ್ನೆಗೆ ಉತ್ತರ ಹೇಳಿ ಅಭ್ಯಾಸವಾದ ಬಾಯಿ ಅದು. ಕೇಳಿದ್ದೇ ತಡ, ನಾಲಿಗೆಯ ತುದಿಯಲ್ಲೇ ಇದ್ದದ್ದು ಹೊರಗೆ ಬಿತ್ತು.

“ಉಪ್ಪು ಖಾರದ ವಿಷಯ ಅಲ್ಲ ಸರ್. ಹುಳಿ ಮೊದಲೇ ಬಂದು ಮೊದಲೇ ಹೋಗ್ಬಿಡುತ್ತೆ. ಅದನ್ನ ಹಿಂದಕ್ಕೆ ತಳ್ಳಿ. ನುಂಗೋ ಹೊತ್ತಿಗೆ ಒಂಚೂರು ಸಿಹಿ ಬರ್ಬೇಕು, ಆದ್ರೆ ಸಿಹಿ ಅಂತ ಗೊತ್ತಾಗ್ಬಾರ್ದು. ಸ್ವಲ್ಪ ಬೆಣ್ಣೆ ವಾಸನೆ. ಗಂಟಲಲ್ಲಿ ಏನೋ ಬಿಟ್ಟುಹೋಯ್ತು ಅನ್ನಿಸ್ಬೇಕು, ಅದನ್ನ ಹುಡುಕ್ಕೊಂಡು ಕೈ ಹೋಗ್ಬೇಕು.”

ಎರಡು ದಿನ ಬಿಟ್ಟು ಹೊಸ ತಟ್ಟೆ ಕಿಂಡಿಯಿಂದ ಬಂತು. ಮ್ಯಾನೇಜರನೇ ಎದುರು ಕೂತು, ತನ್ನ ಅತ್ತೆಯ ಮಂಡಿನೋವಿನ ಕಥೆ ತೆಗೆದ. ಕಥೆ ಇನ್ನೂ ಮೊದಲ ಡಾಕ್ಟರ ಹತ್ತಿರವೇ ಇತ್ತು, ತಟ್ಟೆ ಖಾಲಿಯಾಗಿತ್ತು. ಆಚೆ ನಿಂತವರು ಕಿಂಡಿಯಲ್ಲಿ ಇಣುಕಿ ಚಪ್ಪಾಳೆ ತಟ್ಟಿದರು. ಅವತ್ತು ಸಂಜೆ ಅಕ್ಕನಿಗೆ ನಿಜಕ್ಕೂ ಖುಷಿಯಾಗಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ತನ್ನಷ್ಟಕ್ಕೇ ನಗುತ್ತಾ ಬಂದಳು.

ಮನೆಯಲ್ಲಿದ್ದ ಫೇಲಾದ ಚೀಲ ಆ ವಾರವೇ ಮುಗಿಯಿತು. ಹೊಸ ‘ಸ್ವಲ್ಪ’ ತಂದಳು. ಅದೇ ಆಲೂಗಡ್ಡೆ, ಅದೇ ಒಲೆ, ಎಣ್ಣೆಯಿಲ್ಲ, ಪೊಟ್ಟಣವೂ ಅಂಗೈಯಗಲ. ಬಟ್ಟಲಿಗೆ ಹಾಕಿಕೊಂಡು ಕೂತಳು. ಸೂಜಿ ಒಂದು ಹಳೆಯ ಯಂತ್ರದ ಕಥೆ ಹೇಳುತ್ತಿದ್ದ, ಯಾವುದೋ ಮುದುಕಿ ಅದನ್ನು ಮಗಳಿಗಿಂತ ಹೆಚ್ಚು ನೋಡಿಕೊಂಡಿದ್ದಳಂತೆ. ನಕ್ಕು ಬಟ್ಟಲ ಕಡೆ ನೋಡಿದರೆ ತಳ ಕಾಣುತ್ತಿತ್ತು. ತಾನು ಮಾಡಿದ್ದೇನು ಎಂದು ಅಕ್ಕನಿಗೆ ಆ ಗಳಿಗೆಯಲ್ಲೇ ಪೂರ್ತಿ ಅರ್ಥವಾಯಿತು. ಅರ್ಥವಾದರೂ ಎದ್ದು ಇನ್ನೊಂದು ಪೊಟ್ಟಣ ಒಡೆದಳು. ಚಿಕ್ಕದು ತಾನೇ.

ಆ ಚಿಕ್ಕದೇ ಅವಳನ್ನು ಕೆಡಿಸಿತು. ದೊಡ್ಡ ಪೊಟ್ಟಣ ಒಡೆಯುವಾಗ ಒಂದು ಅಳುಕಾದರೂ ಇರುತ್ತಿತ್ತು. ಇದಕ್ಕೆ ಅದೂ ಇರಲಿಲ್ಲ. ಒಂದು ಮುಗಿದರೆ ಒಂದೇ ತಾನೇ ತಿಂದದ್ದು ಎನ್ನಿಸುತ್ತಿತ್ತು, ಐದು ಮುಗಿದಾಗಲೂ ಒಂದೇ ತಾನೇ ಎನ್ನಿಸುತ್ತಿತ್ತು. ಖಾಲಿ ಪೊಟ್ಟಣಗಳನ್ನು ಮಡಚಿ ಮಡಚಿ ಕೈಚೀಲದ ತಳಕ್ಕೆ ತುರುಕುತ್ತಿದ್ದಳು. ಬಸ್ಸಿನಲ್ಲಿ, ಕಾರ್ಖಾನೆಯ ಶೌಚಾಲಯದಲ್ಲಿ, ಮನೆಯ ಮೆಟ್ಟಿಲ ತಿರುವಿನಲ್ಲಿ ತಿನ್ನುತ್ತಿದ್ದಳು. ಒಂದು ಬೆಳಿಗ್ಗೆ ಇದ್ದಬದ್ದ ಪೊಟ್ಟಣಗಳನ್ನೆಲ್ಲ ಬೀದಿಯ ಕಸದ ತೊಟ್ಟಿಗೆ ಎಸೆದು, ಬಸ್ಸು ಬರುವಷ್ಟರಲ್ಲಿ ವಾಪಸ್ ಹೋಗಿ, ಅತ್ತಿತ್ತ ನೋಡಿ, ಎರಡನ್ನು ಎತ್ತಿಕೊಂಡು ಬಂದಳು.

ಮ್ಯಾನೇಜರನ ಬಳಿ ಹೋಗಿ ನಿಂತಳು. “ಸರ್, ಆ ಸಿಹಿ ತೆಗೆದ್ಬಿಡಿ.”

“ಏನು ತಮಾಷೆ ಮಾಡ್ತೀರಾ ಅಕ್ಕ? ಅಂಗಡಿಯೋರು ಫೋನ್ ಮೇಲೆ ಫೋನ್ ಮಾಡ್ತಿದಾರೆ. ನಿಮ್ಮ ಕೈಗುಣ!”

“ಹಳೇ ಮಾಲು ಎಲ್ಲಾದ್ರೂ ಉಳಿದಿದೆಯಾ?”

“ಅದು ಆವತ್ತೇ ಹಂದಿಗೆ ಹೋಯ್ತು.”

ಹೇಳಿದರೆ ನಗುತ್ತೀರಿ, ಅಕ್ಕ ಹಂದಿ ಸಾಕುವವನ ಹತ್ತಿರವೂ ಹೋದಳು. ರಜೆ ಹಾಕಿ, ಎರಡು ಬಸ್ಸು ಬದಲಾಯಿಸಿ, ಕೆಸರಿನಲ್ಲಿ ಸೀರೆ ಎತ್ತಿ ಹಿಡಿದು ನಡೆದು, ಬೇಲಿಯ ಈಚೆ ನಿಂತು, ಕಾರ್ಖಾನೆಯ ಚೀಲ ಒಂದಾದರೂ ಉಳಿದಿದೆಯಾ ಎಂದು ಕೇಳಿದಳು. ಅವನು ಬಕೆಟ್ ಕೆಳಗಿಟ್ಟು ಅವಳನ್ನೇ ನೋಡಿದ.

“ಯಾರಿಗಮ್ಮ? ನಿಮಗಾ?”

“ಹೂಂ.”

“ಎಲ್ಲಾ ಮುಗೀತಲ್ಲ. ತಿಂಡಿ ಅಂದ್ಮೇಲೆ ತಿನ್ತಾವೆ. ಹೊಟ್ಟೆ ತುಂಬಿದ್ರೆ ಬಿಟ್ಟು ಮಲಗ್ತಾವೆ, ಮತ್ತೆ ಮಾರನೇ ದಿನ ತಿನ್ತಾವೆ.”

ಅಕ್ಕ ಬೇಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹಂದಿಗಳನ್ನೇ ನೋಡಿದಳು. ಅವು ಹೊಟ್ಟೆ ತುಂಬಿ ಬಿಸಿಲಿಗೆ ಮಲಗಿದ್ದವು, ತೊಟ್ಟಿಯಲ್ಲಿ ಇನ್ನೂ ತಿಂಡಿ ಉಳಿದಿತ್ತು. ಅವಳಿಗೆ ಅವುಗಳ ಮೇಲೆ ಹೊಟ್ಟೆಕಿಚ್ಚಾಯಿತು.

ಪಥ್ಯದ ಮೇಡಂಗೆ ಹೇಳಬಹುದಿತ್ತು. ಹೋದಳು ಕೂಡ. ಆದರೆ ಅಲ್ಲಿ ಮೇಡಂ ಮತ್ತೆ ಯಾರಿಗೋ ಅವಳನ್ನು ತೋರಿಸಿ ಹೊಗಳುತ್ತಿದ್ದಳು. ಅಕ್ಕ ಬಾಗಿಲಿನಿಂದಲೇ ಹಿಂದಿರುಗಿದಳು. ಹಿಡಿಸಿದ್ದ ಕುಪ್ಪಸದ ಹೊಲಿಗೆಯನ್ನು ಕದ್ದು ಬಿಚ್ಚಿಕೊಂಡಳು. ತಮ್ಮನ ಹೆಂಡತಿ ನೋಡಿದಳೋ ಇಲ್ಲವೋ, ಏನೂ ಅನ್ನಲಿಲ್ಲ. ಬಹುಶಃ ನಂಬಿಕೆಯನ್ನು ಬಿಡಲು ಅವಳಿಗೂ ಧೈರ್ಯವಿರಲಿಲ್ಲ.

ತೂಕದ ದಿನ ಬಂತು. ಸೂಜಿಯನ್ನು ರಕ್ತ ತೊಳೆಯುವ ಕೋಣೆಗೆ ಕಳಿಸಿ, ಅತ್ತಿಗೆ ನಾದಿನಿ ಇಬ್ಬರೂ ಉದ್ದನೆಯ ಮೊಗಸಾಲೆ ದಾಟಿ ತೂಕದ ಯಂತ್ರದ ಬಳಿ ಹೋದರು. ಅವತ್ತು ದಿನಾಂಕ ಸಿಗುತ್ತದೆಂದು ಸೂಜಿಯ ಹೆಂಡತಿ ಹೊಸ ಸೀರೆ ಉಟ್ಟಿದ್ದಳು. ನರ್ಸ್ ಯಂತ್ರದ ಕಡೆ ನೋಡಿದಳು, ಕಾಗದದ ಕಡೆ ನೋಡಿದಳು.

“ಅಮ್ಮ, ಚಪ್ಪಲಿ ಬಿಟ್ಟು ಹತ್ತಿ.”

“ಬಿಟ್ಟೇ ಹತ್ತಿದೀನಿ.”

ಮೊದಲ ದಿನ ಇದ್ದುದಕ್ಕಿಂತ ಒಂದು ಕೆಜಿ ಹೆಚ್ಚಿತ್ತು. ದೊಡ್ಡ ಡಾಕ್ಟರು ಬೈಯಲಿಲ್ಲ. ಸೂಜಿಯ ಬಲಗೈಯ ಸ್ಕ್ಯಾನನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಆಮೇಲೆ, “ಇನ್ನು ಮುಂದೆ ಕತ್ತಿನ ಹತ್ತಿರ ಜಾಗ ನೋಡ್ಬೇಕಾಗುತ್ತೆ. ಅದು ಎಷ್ಟು ದಿನ ತಡೆಯುತ್ತೆ ಅಂತ ನಾನು ಹೇಳಲಾರೆ. ನೀವು ಮುಂದಿನ ತಿಂಗಳು ಮತ್ತೆ ಬನ್ನಿ, ನೋಡೋಣ” ಎಂದರು. ಆ ‘ನೋಡೋಣ’ದಲ್ಲಿ ಏನೂ ಇರಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತದ್ದೇ ತಮ್ಮನ ಹೆಂಡತಿ ಅಕ್ಕನ ಕೈಚೀಲವನ್ನು ಕಿತ್ತುಕೊಂಡಳು. ಅಡಿಮೇಲು ಮಾಡಿದಳು. ಮಡಚಿದ ಖಾಲಿ ಪೊಟ್ಟಣಗಳು ಬೆಂಚಿನ ಮೇಲೆ ಉದುರಿದವು. ಒಡೆಯದ ಎರಡು ಪೊಟ್ಟಣಗಳೂ ಬಿದ್ದವು.

“ಇದಕ್ಕಾ?” ಒಂದನ್ನು ಎತ್ತಿ ಅಕ್ಕನ ಮುಖದ ಮುಂದೆ ಹಿಡಿದಳು. “ಈ ಚೂರು ಆಲೂಗಡ್ಡೆಗಾ ಅತ್ತಿಗೆ? ಅವ್ರು ಗುಟುಕು ಗುಟುಕು ನೀರು ಅಳೆದು ಕುಡೀತಿದಾರೆ. ಬಾಯಾರಿ ರಾತ್ರಿ ತುಟಿ ನೆಕ್ಕೊಳ್ತಾರೆ, ನಾನು ನೋಡ್ತೀನಿ. ನಿಮ್ಗೆ ಇದೊಂದು ಬಿಡೋಕಾಗ್ಲಿಲ್ವಾ? ಇದ್ರಲ್ಲಿ ಅಂಥದ್ದೇನಿದೆ? ಅದನ್ನೂ ನೋಡೇಬಿಡ್ತೀನಿ.”

ಪೊಟ್ಟಣವನ್ನು ಪರ್ರನೆ ಹರಿದಳು. ಅವಳು ಇಂಥದ್ದನ್ನು ಮುಟ್ಟುವವಳೇ ಅಲ್ಲ. ಒಂದನ್ನು ತೆಗೆದು, ಸಾಕ್ಷ್ಯ ನೋಡುವವಳಂತೆ ತಿರುಗಿಸಿ ನೋಡಿ, ಬಾಯಿಗೆ ಹಾಕಿಕೊಂಡಳು.

“ಏನಿಲ್ಲ. ಉಪ್ಪು, ಅಷ್ಟೇ. ಬರೀ ಉಪ್ಪು. ಇದಕ್ಕೋಸ್ಕರ ನೀವು...” ಕೈ ಪೊಟ್ಟಣಕ್ಕೆ ಹೋಯಿತು. “ಅವ್ರನ್ನ ಎತ್ತಿ ಆಡಿಸಿದ್ದು ನೀವೇ ಅಲ್ವಾ? ನಿಮ್ಮ ಮೇಲೆ ಅವ್ರು ಇಟ್ಟಿರೋ ನಂಬಿಕೆ ನನ್ನ ಮೇಲೂ ಇಟ್ಟಿಲ್ಲ. ಅಕ್ಕ ಇಳಿಸ್ತಾಳೆ, ಅಕ್ಕ ಇಳಿಸ್ತಾಳೆ. ದಿನಾ ಅದೇ ಜಪ.” ಕೈ ಪೊಟ್ಟಣಕ್ಕೆ ಹೋಯಿತು. “ನಂದು ಹೊಂದಿದ್ರೆ ಇವತ್ತೇ ಕೊಯ್ದು ಕೊಡ್ತಿದ್ದೆ. ನನ್ನ ಹಣೇಲಿ ಅದಿಲ್ಲ. ನಿಮ್ಮ ಹಣೇಲಿ ಇದ್ರೂ ನೀವು ತಿನ್ಕೊಂಡು ಕೂತ್ರಿ.”

ಅಕ್ಕ ತಲೆ ತಗ್ಗಿಸಿಕೊಂಡಿದ್ದಳು. ಹಾಗಾಗಿ ಅವಳಿಗೆ ಮುಖ ಕಾಣಲಿಲ್ಲ, ಕೈ ಮಾತ್ರ ಕಂಡಿತು. ಬಳೆಯ ಕೈ. ಬೆರಳ ತುದಿಯಲ್ಲಿ ಬಣ್ಣದ ಕಲೆ. ಅದು ಪೊಟ್ಟಣದಿಂದ ಬಾಯಿಗೆ, ಬಾಯಿಂದ ಪೊಟ್ಟಣಕ್ಕೆ ಹೋಗುತ್ತಿತ್ತು. ಬಾಯಲ್ಲಿ ಮಾತಿತ್ತು, ಕಣ್ಣಲ್ಲಿ ನೀರಿತ್ತು, ಕೈ ತಾನಾಗಿ ಹೋಗುತ್ತಿತ್ತು. ಹದಿನೆಂಟು ವರ್ಷ ಅವಳು ಕಾದು ಕೂತು ನೋಡುತ್ತಿದ್ದದ್ದು ಇದನ್ನೇ. ಪಾಸು ಎಂದು ಒಳಗೆ ಯಾರೋ ಹೇಳಿದರು. ಆ ದನಿಗೆ ಅವಳು ಬೆಚ್ಚಿದಳು. ಆ ಪೊಟ್ಟಣ ಕಿತ್ತುಕೊಳ್ಳಬೇಕು, ತಿನ್ನಬೇಡ ಕಣೆ, ಬೇಡ ಎಂದು ಕೂಗಬೇಕು ಎನ್ನಿಸಿತು. ಬೈಗುಳ ತಿನ್ನುತ್ತಿರುವವಳು ಹಾಗೆಂದು ಹೇಗೆ ಹೇಳುವುದು?

ಬೆರಳುಗಳು ಪೊಟ್ಟಣದ ಮೂಲೆಯಲ್ಲಿ ತಡಕಾಡಿದವು. ಏನೂ ಸಿಗಲಿಲ್ಲ. ಮತ್ತೆ ತಡಕಾಡಿದವು. ಅಲ್ಲಿಗೆ ಮಾತೂ ನಿಂತಿತು.

ತಮ್ಮನ ಹೆಂಡತಿ ಖಾಲಿ ಪೊಟ್ಟಣವನ್ನು ನೋಡಿದಳು. ಬೆರಳಿಗೆ ಮೆತ್ತಿದ್ದ ಹಳದಿ ಪುಡಿಯನ್ನು ನೋಡಿದಳು. ಆಮೇಲೆ ಬೆಂಚಿನ ಮೇಲಿದ್ದ ಇನ್ನೊಂದು ಪೊಟ್ಟಣದ ಕಡೆ ನೋಡಿ, ತಟ್ಟನೆ ಕಣ್ಣು ಬೇರೆ ಕಡೆ ತಿರುಗಿಸಿದಳು.

“ಇದು ಯಾವಾಗ ಖಾಲಿಯಾಯ್ತು?” ಎಂದು ಕೇಳಿದಳು. ದನಿ ತೀರಾ ಸಣ್ಣದಾಗಿತ್ತು.

“ನಂಗೂ ಹಾಗೇ ಆಗುತ್ತೆ ಕಣೆ” ಎಂದಳು ಅಕ್ಕ.

ಮೊಗಸಾಲೆಯ ತುದಿಯಲ್ಲಿ ಬಾಗಿಲು ತೆರೆದು ಸೂಜಿ ಬಂದ. ಬಲಗೈಗೆ ಪಟ್ಟಿ, ಮುಖ ಬಿಳಿಚಿಕೊಂಡಿತ್ತು, ಆದರೂ ದೂರದಿಂದಲೇ ಹುಬ್ಬು ಹಾರಿಸಿ ಏನಾಯಿತು ಎಂದು ಕೇಳುತ್ತಾ ಬಂದ. ತಮ್ಮನ ಹೆಂಡತಿ ಬೆಂಚಿನ ಮೇಲಿದ್ದದ್ದನ್ನೆಲ್ಲ ಬಾಚಿ ಅಕ್ಕನ ಚೀಲಕ್ಕೆ ತುಂಬಿದಳು. ಕೈಯಲ್ಲಿದ್ದ ಪೊಟ್ಟಣವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

“ಎಷ್ಟು ಬಂತಕ್ಕ? ದಿನ ಕೊಟ್ರಾ?”

ಅಕ್ಕ ಬಾಯಿ ತೆರೆದಳು. ಮಾತು ಹೊರಡುವ ಮೊದಲೇ ತಮ್ಮನ ಹೆಂಡತಿ, “ತೂಕದ ಮೆಷಿನ್ ಕೆಟ್ಟಿತ್ತು ಕಣ್ರೀ. ಮುಂದಿನ ತಿಂಗಳು ಬನ್ನಿ ಅಂದ್ರು” ಎಂದಳು.

ಸೂಜಿ ಹೆಂಡತಿಯ ಮುಖ ನೋಡಿದ. ಅಕ್ಕನ ಮುಖ ನೋಡಿದ. ಯಂತ್ರಗಳ ನಡುವೆಯೇ ಬದುಕಿದವನು, ಯಾವುದು ಕೆಟ್ಟಿದೆ ಎಂದು ಸದ್ದು ಕೇಳಿಯೇ ಹೇಳುವವನು.

“ಮೆಷಿನ್ ಅಂದ್ಮೇಲೆ ಕೆಡುತ್ತಪ್ಪ” ಎಂದ.

ಆಮೇಲೆ ಎಡಗೈ ಚಾಚಿ ಹೆಂಡತಿಯ ತುಟಿಯ ಅಂಚಿನಲ್ಲಿ ಅಂಟಿದ್ದ ಪುಡಿಯನ್ನು ಹೆಬ್ಬೆರಳಿಂದ ಒರೆಸಿದ. ಅವನು ಹೆಬ್ಬೆರಳನ್ನು ನೋಡಿ, ನಾಲಿಗೆಯ ತುದಿಗೆ ತಾಗಿಸಿಕೊಂಡ. ಒಂದು ಕಣ ಇದ್ದೀತು. ಕಣ್ಣು ಮುಚ್ಚಿ, ಗಂಟಲು ದಾಟುವವರೆಗೂ ಹಾಗೇ ನಿಂತ.

“ಚೆನ್ನಾಗ್ ಮಾಡಿದೀಯ ಅಕ್ಕ” ಎಂದ.

ಅಷ್ಟೇ. ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು, ಬಸ್ಸಿಗೆ ಹೊತ್ತಾಯ್ತು ನಡೀರಿ ಎಂದು ಮುಂದೆ ಹೊರಟ. ಹೆಂಡತಿ ಅವನ ಪಕ್ಕಕ್ಕೆ ಓಡಿದಳು. ಅಕ್ಕ ಎರಡೂ ಕೈಯಿಂದ ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡು ಅವರ ಹಿಂದೆ ನಡೆದಳು. ಒಳಗೆ ಒಡೆಯದ ಪೊಟ್ಟಣ ಇನ್ನೂ ಒಂದಿತ್ತು.